ಪೆಟ್ರೋಲ್ ಕಾರಿಗೆ ತೆರೆದ ಕೋನ್ ಫಿಲ್ಟರ್ ಹಾಕಬಹುದೇ?

ಪ್ರಶ್ನೆ:
ನಮಸ್ಕಾರ. ನನ್ನ ಬಳಿ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ, 2014ರ ಕಾರಿದೆ. ಎಂಜಿನ್ ಆಯಿಲ್ ಮತ್ತು ಸ್ಪಾರ್ಕ್ ಪ್ಲಗ್ ಬದಲಿಸುವುದನ್ನು ಮನೆಯಲ್ಲಿಯೇ ಕಲಿತಿದ್ದೇನೆ. ಶಿರಾಡಿ ಘಾಟಿಯ ಏರಿನಲ್ಲಿ ಪಿಕಪ್ ಸಾಲದೆನಿಸುವುದರಿಂದ, ಗಾಳಿಯ ಫಿಲ್ಟರ್ ಇರುವ ಕಂಪನಿಯ ಏರ್ ಬಾಕ್ಸ್ ತೆಗೆದು ಬಾನೆಟ್ಟಿನೊಳಗೆ ತೆರೆದ ಕೋನ್ ಫಿಲ್ಟರ್ (ಬಾಕ್ಸಿಲ್ಲದ, ಶಂಕುವಿನಾಕಾರದ ಗಾಳಿ ಫಿಲ್ಟರ್) ಕೂರಿಸಬೇಕೆಂದಿದ್ದೇನೆ. ಹೊಸಬನಾದ ನಾನು ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಉತ್ತರ 1:
ಏರ್ ಬಾಕ್ಸ್ ಬಿಚ್ಚುವ ಮೊದಲು ಅದರ ಮೂತಿ ಎಲ್ಲಿಗೆ ಹೋಗಿದೆ ಎಂಬುದನ್ನು ದಯವಿಟ್ಟು ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ರಿಲ್ಲಿನ ಹಿಂದೆ, ಹೊರಗಿನ ಗಾಳಿ ನೇರವಾಗಿ ಸಿಗುವ ಜಾಗದಲ್ಲಿರುತ್ತದೆ. ತೆರೆದ ಕೋನ್ ಫಿಲ್ಟರ್ ಎಳೆದುಕೊಳ್ಳುವುದಾದರೋ ರೇಡಿಯೇಟರ್ ಮತ್ತು ಸೈಲೆನ್ಸರ್ ಕೊಳವೆಯ ಬಿಸಿಗೆ ಕಾದ ಗಾಳಿಯನ್ನು. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುತ್ತದೆ, ಆಮ್ಲಜನಕ ಕಡಿಮೆಯಾದಷ್ಟೂ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲನ್ನೂ ಕಡಿಮೆ ಮಾಡುವುದರಿಂದ ಶಕ್ತಿ ಕುಗ್ಗುತ್ತದೆ. ಘಾಟಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಏರುವಾಗ ಬಾನೆಟ್ಟಿನೊಳಗಿನ ಬಿಸಿ ವಿಪರೀತವಾಗಿರುತ್ತದೆ, ಅಂದರೆ ನಿಮಗೆ ಪಿಕಪ್ ಬೇಕಾದ ಜಾಗದಲ್ಲಿಯೇ ನಷ್ಟ. ಗಾಳಿ ಹೀರುವ ಸದ್ದು ಜೋರಾಗುವುದರಿಂದ ಕಾರು ಚುರುಕಾಯಿತೆಂದು ಅನಿಸುತ್ತದೆ, ನನಗೂ ಹಾಗೆಯೇ ಅನಿಸಿತ್ತು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಮೊದಲ ಪ್ರಯತ್ನಕ್ಕೆ ಅದೇ ಬಾಕ್ಸಿನೊಳಗೆ ಕೂರುವ, ತೊಳೆದು ಮತ್ತೆ ಬಳಸಬಹುದಾದ ಹತ್ತಿಯ ಫಿಲ್ಟರ್ ಸಾಕು. ಅದರಿಂದಲೂ ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸವನ್ನು ನಿರೀಕ್ಷಿಸಬೇಡಿ. ತೊಳೆದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಎಣ್ಣೆಯನ್ನು ಹಿತಮಿತವಾಗಿ ಹಚ್ಚಿ. ನಿಮ್ಮ ಕಾರಿನಲ್ಲಿ ಎಂಎಎಫ್ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವ ಸಾಧನ) ಇದ್ದರೆ, ಹೆಚ್ಚಾದ ಎಣ್ಣೆ ಅದರ ಬಿಸಿ ತಂತಿಯ ಮೇಲೆ ಕುಳಿತು ಗಾಳಿಯ ಅಳತೆಯನ್ನೇ ತಪ್ಪಿಸುತ್ತದೆ. ಪೈಪ್ ಬಿಚ್ಚಿದವರು ಎಂಜಿನ್ನಿನೊಳಗಿನ ಆವಿಯನ್ನು ಗಾಳಿಯ ಪೈಪಿಗೆ ತರುವ ಬ್ರೀದರ್ ಪೈಪನ್ನು ಮರಳಿ ಜೋಡಿಸಲು ಮರೆಯುವುದುಂಟು. ಆಗ ಅಳತೆಗೆ ಸಿಗದ ಗಾಳಿ ಒಳನುಗ್ಗಿ ಐಡ್ಲಿಂಗ್ ಏರುಪೇರಾಗುತ್ತದೆ, ಚೆಕ್ ಎಂಜಿನ್ ದೀಪವೂ ಹೊತ್ತಬಹುದು. ಆದ್ದರಿಂದ ಬಿಚ್ಚುವ ಮುನ್ನ ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆದಿಟ್ಟುಕೊಳ್ಳಿ.

ಉತ್ತರ 3:
ತಣ್ಣನೆಯ ಗಾಳಿಗೆಂದು ಪೈಪನ್ನು ಬಂಪರಿನ ಕೆಳಗೆ ಇಳಿಸುವ ಕಿಟ್‌ಗಳನ್ನು ನಮ್ಮ ಕರಾವಳಿಯ ಮಳೆಗಾಲದಲ್ಲಿ ಖಂಡಿತ ಬಳಸಬೇಡಿ. ನಿಂತ ನೀರನ್ನು ಎಂಜಿನ್ ಹೀರಿಕೊಂಡರೆ, ನೀರು ಗಾಳಿಯಂತೆ ಕುಗ್ಗದ ಕಾರಣ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಬಾಕ್ಸ್ ತೆರೆದು ನೋಡಿದೆ. ಫಿಲ್ಟರ್ ಕಪ್ಪಾಗಿತ್ತು, ಮುಚ್ಚಳದ ಒಂದು ಕ್ಲಿಪ್ ಸರಿಯಾಗಿ ಕೂತಿರಲಿಲ್ಲ, ಅದರ ಸಂದಿಯಿಂದ ಒಳಗೆ ಧೂಳು ಹೋಗಿತ್ತು. ಒದ್ದೆ ಬಟ್ಟೆಯಿಂದ ಬಾಕ್ಸನ್ನು ಒರೆಸಿ ಒಣಗಿಸಿ, ಕಂಪನಿಯ ಹೊಸ ಕಾಗದದ ಫಿಲ್ಟರನ್ನೇ ಹಾಕಿದ್ದೇನೆ. ಕೋನ್ ಫಿಲ್ಟರ್ ಕೊಳ್ಳುವುದಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯವರೆಗೂ ಧೂಳು ತಲುಪಿದೆಯೇ ಎಂದು ಭಾನುವಾರ ಪೈಪ್ ಬಿಚ್ಚಿ ನೋಡುತ್ತೇನೆ.