ಅತ್ತೆಗೂ ನಾಯಿಗೂ ಆಲ್ಬುಮಿನ್ ಕಡಿಮೆ, ಇಬ್ಬರಿಗೂ ವಾಂತಿ: ಮೊಟ್ಟೆ ಕೊಟ್ಟರೆ ಸರಿಹೋಗುತ್ತದೆಯೇ?

ಹಾನುಬಾಳಿನ ಸೊಸೆ (ಪ್ರಶ್ನೆ):

ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಒಂದರ ಹಿಂದೆ ಒಂದು ಎರಡು ರಕ್ತ ಪರೀಕ್ಷೆಯ ವರದಿಗಳು ಕೈಗೆ ಬಂದಿವೆ, ಒಂದು ಅತ್ತೆಯದು, ಇನ್ನೊಂದು ನಮ್ಮ ನಾಯಿ ಕರಿಯನದು.

ಅತ್ತೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈಗ ಕಾಲು ಊದಿಕೊಂಡಿದೆ, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು. ತಿಂಡಿ ಕಂಡರೆ ಓಕರಿಕೆ, ಎರಡು ತುತ್ತು ಕಡುಬು ತಿಂದರೂ ವಾಂತಿ. ಡ್ರಿಪ್ ಹಾಕುವ ಮುಂಚೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) 3.0 ಇತ್ತು, ಎರಡು ದಿನ ಡ್ರಿಪ್ ಹಾಕಿಸಿದ ಮೇಲೆ 2.6ಕ್ಕೆ ಇಳಿದಿದೆ. ಒಟ್ಟು ಪ್ರೋಟೀನ್ 6.0, ಕ್ಯಾಲ್ಸಿಯಂ 7.6.

ಕರಿಯ ತೋಟ ಕಾಯುವ ನಾಟಿ ನಾಯಿ. ಅವನಿಗೂ ವಾಂತಿ, ಜೊತೆಗೆ ಡಾಂಬರಿನಂಥ ಕಪ್ಪು ಭೇದಿ. ಒಸಡು ಬಿಳಿಚಿಕೊಂಡಿದೆ, ಹೊಟ್ಟೆ ಜೋಲುತ್ತಿದೆ. ಒಟ್ಟು ಪ್ರೋಟೀನ್ 3.9, ಆಲ್ಬುಮಿನ್ 1.6, ಹಿಮೋಗ್ಲೋಬಿನ್ 7.

ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯೇ? ಇಬ್ಬರಿಗೂ ಮೊಟ್ಟೆ, ಬೇಳೆ ಕಟ್ಟು ಹೆಚ್ಚು ಕೊಡಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಅರಸೀಕೆರೆಯ ಚಿಕ್ಕಪ್ಪ ಒಂದು ಗೊನೆ ಎಳನೀರು ತಂದಿಟ್ಟು ಹೋಗಿದ್ದಾರೆ. ಏನು ಮಾಡಲಿ?

ನಿವೃತ್ತ ಪಶುವೈದ್ಯ, ಹಾಸನ:

ನೋಡಮ್ಮ, ಮೊದಲು ಎಳನೀರು ಪಕ್ಕಕ್ಕಿಡಿ. ಅತ್ತೆಯವರ ಮೂತ್ರಪಿಂಡ ಹೇಗಿದೆ ಎಂದು ತಿಳಿಯುವವರೆಗೆ ಅದು ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ.

ಇನ್ನು ಆಲ್ಬುಮಿನ್ ವಿಷಯ. ಈ ಸಂಖ್ಯೆ ಇಳಿದ ಕೂಡಲೇ ಊಟದಲ್ಲಿ ಪ್ರೋಟೀನ್ ಸಾಲದು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ನನ್ನ ಸೇವೆಯ ಉದ್ದಕ್ಕೂ ಇದನ್ನು ತಿದ್ದುತ್ತಲೇ ಬಂದಿದ್ದೇನೆ. ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಕೆಟ್ಟರೆ ತಯಾರಿಕೆ ಕಡಿಮೆಯಾಗುತ್ತದೆ. ಮೂತ್ರಪಿಂಡದ ಜರಡಿ ಹರಿದರೆ ಮೂತ್ರದಲ್ಲಿ ಹೋಗುತ್ತದೆ, ಕರುಳಿನ ಗೋಡೆ ಹಾಳಾದರೆ ಮಲದಲ್ಲಿ. ದೀರ್ಘಕಾಲದ ಸೋಂಕು, ಉರಿಯೂತವಿದ್ದರೂ ಇಳಿಯುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕದೆ ಮೊಟ್ಟೆ ತಿನ್ನಿಸಿದರೆ ಏನೂ ಪ್ರಯೋಜನವಿಲ್ಲ.

ನಿಮ್ಮ ಎರಡು ವರದಿಗಳಲ್ಲೇ ಸುಳಿವು ಇದೆ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಉಳಿಯುವುದು ಗ್ಲಾಬ್ಯುಲಿನ್. ಕರಿಯನಿಗೆ 3.9ರಲ್ಲಿ 1.6 ಕಳೆದರೆ 2.3, ನಾಯಿಗೆ ಅದೂ ಕಡಿಮೆಯೇ. ಎರಡೂ ಒಟ್ಟಿಗೆ ಇಳಿದಿವೆ ಎಂದರೆ ಕರುಳಿನಿಂದ ಸೋರಿಕೆ ಅಥವಾ ರಕ್ತಸ್ರಾವ ಎಂದೇ ಮೊದಲು ಯೋಚಿಸುತ್ತೇವೆ. ಅತ್ತೆಯವರಿಗೆ 6.0ರಲ್ಲಿ 2.6 ಕಳೆದರೆ 3.4, ಅದು ಸರಿಯಾಗಿಯೇ ಇದೆ. ಆಲ್ಬುಮಿನ್ ಮಾತ್ರ ಇಳಿದಿದೆ. ಅಂಥಲ್ಲಿ ನೋಡಬೇಕಾದುದು ಮೂತ್ರಪಿಂಡ, ಯಕೃತ್ತು.

ಬಿಳಿಚಿದ ಒಸಡು, ಕಪ್ಪು ಭೇದಿ, ಮೇಲಾಗಿ ನೆರಳೂ ತೇವವೂ ಇರುವ ತೋಟದ ಮಣ್ಣು. ಕರಿಯನಿಗೆ ಕೊಕ್ಕೆ ಹುಳು ಎಂದು ನನ್ನ ಅನುಮಾನ. ಅದು ಕರುಳಿನ ಗೋಡೆಯನ್ನು ಕಚ್ಚಿಕೊಂಡು ರಕ್ತ ಹೀರುತ್ತದೆ, ಕಚ್ಚಿದ ಜಾಗ ಬಿಟ್ಟು ಸರಿದ ಮೇಲೂ ಅಲ್ಲಿ ರಕ್ತ ಜಿನುಗುತ್ತಲೇ ಇರುತ್ತದೆ. ತಾಜಾ ಮಲವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಕಾಣುತ್ತದೆ. ಹಿಮೋಗ್ಲೋಬಿನ್ 7 ಇದೆ, ಆದ್ದರಿಂದ ನಾಳೆ ನಾಡಿದ್ದು ಎನ್ನಬೇಡಿ. ಉಣ್ಣೆ ಕಚ್ಚುವ ಊರು ನಿಮ್ಮದು, ರಕ್ತದ ಲೇಪನವನ್ನೂ ನೋಡಲು ಹೇಳಿ. ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್‌ನಲ್ಲಿ ಸಾಮಾನ್ಯವಾಗಿ ಗ್ಲಾಬ್ಯುಲಿನ್ ಏರಿರುತ್ತದೆ, ಇಲ್ಲಿ ಏರಿಲ್ಲ. ಆದರೂ ನೋಡಿಬಿಡುವುದು ಒಳ್ಳೆಯದು. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಖಂಡಿತ ಕೊಡಬೇಡಿ.

ಹರಡುವ ಪ್ರಶ್ನೆ. ಅತ್ತೆಯ ತೊಂದರೆ ನಾಯಿಯಿಂದ ಬಂದದ್ದಲ್ಲ. ಆದರೆ ನಾಯಿಯ ಕೊಕ್ಕೆ ಹುಳುವಿನ ಮರಿಗಳು ಮಣ್ಣಿನಿಂದ ಮನುಷ್ಯರ ಚರ್ಮದೊಳಗೆ ಹೊಕ್ಕು ಕೆಂಪು ಗೆರೆಯಂತೆ ತುರಿಕೆ ತರುತ್ತವೆ. ಕರಿಯ ಓಡಾಡುವ ಕಣದಲ್ಲಿ ಮಕ್ಕಳನ್ನು ಬರಿಗಾಲಿನಲ್ಲಿ ಬಿಡಬೇಡಿ. ಅವನ ಕಣ್ಣು, ಒಸಡು ಹಳದಿಯಾದರೆ ಇಲಿ ಜ್ವರದ ಅನುಮಾನ ಬರುತ್ತದೆ. ಅದು ಮೂತ್ರದ ಮೂಲಕ ಮನುಷ್ಯರಿಗೂ ಅಂಟುತ್ತದೆ, ಆಗ ಕೈಗವಸು ಇಲ್ಲದೆ ಅವನ ಮೂತ್ರ ಬಳಿಯಬೇಡಿ.

ದನ ಸಾಕುವವರು ಈ ಎಳೆ ಓದುತ್ತಿದ್ದರೆ ಒಂದು ಮಾತು. ಹಸು ನಮ್ಮಂತೆ ವಾಂತಿ ಮಾಡುವ ಪ್ರಾಣಿಯಲ್ಲ. ಅದರಲ್ಲಿ ಪ್ರೋಟೀನ್ ಇಳಿದಾಗ ಕಾಣುವುದು ದವಡೆಯ ಕೆಳಗೆ ನೀರು ತುಂಬಿ ಜೋಲುವ ಬಾವು. ಗದ್ದೆ ಬಯಲಿನಲ್ಲಿ ಮೇಯುವ ದನಕ್ಕೆ ಹಾಗಾದರೆ ಯಕೃತ್ತಿನ ಚಪ್ಪಟೆ ಹುಳುವನ್ನು ಮೊದಲು ಶಂಕಿಸಿ. ಅದರ ಮರಿಗಳು ನೀರಿನ ಬಸವನಹುಳುವಿನಲ್ಲಿ ಬೆಳೆದು ಹುಲ್ಲಿಗೆ ಅಂಟಿಕೊಂಡಿರುತ್ತವೆ.

ಲ್ಯಾಬ್ ಟೆಕ್ನಿಷಿಯನ್, ಹಾಸನ:

ಅಕ್ಕ, ಡ್ರಿಪ್ ಆದ ಮೇಲೆ 2.6 ಆದದ್ದಕ್ಕೆ ಗಾಬರಿಯಾಗಬೇಡಿ. ವಾಂತಿಯಿಂದ ನೀರು ಹೋದಾಗ ರಕ್ತ ಗಟ್ಟಿಯಾಗಿ ಆಲ್ಬುಮಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ನೀರು ತುಂಬಿದ ಮೇಲೆ ನಿಜವಾದ ಮಟ್ಟ ಕಾಣುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಯಕೃತ್ತು ತಯಾರಿಸುವುದನ್ನು ನಿಲ್ಲಿಸಿದರೂ ಎರಡು ದಿನಕ್ಕೆ ಇಷ್ಟು ಇಳಿಯುವುದಿಲ್ಲ.

ಕ್ಯಾಲ್ಸಿಯಂ 7.6 ಎಂದು ಮಾತ್ರೆ ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ. ಕ್ಯಾಲ್ಸಿಯಂನ ಒಂದು ಭಾಗ ಆಲ್ಬುಮಿನ್‌ಗೆ ಅಂಟಿಕೊಂಡೇ ಓಡಾಡುತ್ತದೆ. ಸಹಜ ಆಲ್ಬುಮಿನ್ ಎಂದು ಹಿಡಿಯುವ 4ರಲ್ಲಿ 2.6 ಕಳೆದು 0.8ರಿಂದ ಗುಣಿಸಿ 7.6ಕ್ಕೆ ಕೂಡಿಸಿದರೆ ಸುಮಾರು 8.7 ಬರುತ್ತದೆ, ಅದು ಸಹಜ ಮಿತಿಯೊಳಗೇ ಇದೆ. ಈ ಲೆಕ್ಕ ಅಂದಾಜು ಮಾತ್ರ. ಖಚಿತವಾಗಬೇಕಾದರೆ ಅಯಾನಿಕ ಕ್ಯಾಲ್ಸಿಯಂ (ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ) ಪರೀಕ್ಷೆ ಮಾಡಿಸಬೇಕು.

ಚನ್ನರಾಯಪಟ್ಟಣದ ಅಪ್ಪ:

ನನ್ನ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇತ್ತು, ಎಂದರೆ ಮೂತ್ರಪಿಂಡದಿಂದ ಪ್ರೋಟೀನ್ ಮೂತ್ರಕ್ಕೆ ಸೋರುವ ಕಾಯಿಲೆ. ಅವನಿಗೂ ಹೀಗೆಯೇ, ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ರೆಪ್ಪೆ ಊದಿರುತ್ತಿತ್ತು, ಸಂಜೆಗೆ ಬಾವು ಕಾಲಿಗೆ ಇಳಿಯುತ್ತಿತ್ತು. ಕರುಳಿನ ಗೋಡೆಯೂ ಹಾಗೆಯೇ ಊದಿಕೊಳ್ಳುವುದರಿಂದ ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ ಎಂದು ನಮ್ಮ ವೈದ್ಯರು ವಿವರಿಸಿದ್ದರು. ಅತ್ತೆಯವರ ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೇ ನೋಡಿ. ಉಪ್ಪನ್ನು ಮಾತ್ರ ಇಂದಿನಿಂದಲೇ ಕಡಿಮೆ ಮಾಡಿ. ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವನ್ನೆಲ್ಲ ತಟ್ಟೆಯಿಂದ ದೂರ ಇಡಿ. ಹಿರಿಯರು ಬೇಸರಪಡುತ್ತಾರೆ, ಆದರೂ ಗಟ್ಟಿಯಾಗಿ ನಿಲ್ಲಬೇಕು.

ಹಾನುಬಾಳಿನ ಸೊಸೆ:

ಎಲ್ಲರಿಗೂ ಧನ್ಯವಾದ. ಕರಿಯನ ಮಲದಲ್ಲಿ ಕೊಕ್ಕೆ ಹುಳುವಿನ ಮೊಟ್ಟೆ ತುಂಬ ಇವೆಯಂತೆ, ಔಷಧಿ ಕೊಟ್ಟಿದ್ದಾರೆ. ಅತ್ತೆಯ ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ 2.8, ಹೆಚ್ಚೇ ಇದೆ. ಈಗ ಮೊಟ್ಟೆ ಕೊಡಲೇ, ಬೇಡವೇ?

ನಿವೃತ್ತ ಪಶುವೈದ್ಯ, ಹಾಸನ:

ಕರಿಯನಿಗೆ ಕೊಡಿ, ಬೇಯಿಸಿದ ಮೊಟ್ಟೆ ಮತ್ತು ಅನ್ನ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಅವನ ಸೋರಿಕೆಗೆ ಕಾರಣ ಸಿಕ್ಕಿದೆ, ಮೈ ತುಂಬಲು ಪ್ರೋಟೀನ್ ಬೇಕು. ಎರಡು ಮೂರು ವಾರಗಳ ನಂತರ ಹುಳುವಿನ ಔಷಧಿಯನ್ನು ಮತ್ತೆ ಕೊಡಿಸಬೇಕು. ಈಗಿನ ಔಷಧಿಗೆ ಸಿಗದೆ ಒಳಗೆ ಉಳಿದ ಹುಳುವಿನ ಮರಿಗಳು ಅಷ್ಟರಲ್ಲಿ ದೊಡ್ಡದಾಗಿರುತ್ತವೆ.

ಅತ್ತೆಯವರನ್ನು ಮೂತ್ರಪಿಂಡ ತಜ್ಞರಿಗೆ ಈ ವಾರವೇ ತೋರಿಸಿ, ಅವರ ಮಾತೇ ಅಂತಿಮ. ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಎನ್ನುತ್ತಾರೆ, ಎಂದರೆ 50 ಕಿಲೋ ತೂಗುವವರಿಗೆ 40 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಹಾಗಾಗಿ ಮೊಟ್ಟೆ ನಿಷಿದ್ಧವೇನಲ್ಲ, ರಾಶಿ ಹಾಕುವುದು ಬೇಡ. ಬಾಟಲಿಯಲ್ಲಿ ಆಲ್ಬುಮಿನ್ ಏರಿಸಿ ಎಂದು ನೀವಾಗಿ ಒತ್ತಾಯಿಸಬೇಡಿ. ದುಬಾರಿ, ಮೇಲಾಗಿ ಅದೂ ಮೂತ್ರದಲ್ಲೇ ಹೋಗಿಬಿಡುತ್ತದೆ.

ವಾಂತಿಯಾಗಿ ಊಟ ಬಿಟ್ಟ ದಿನ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಮೂತ್ರಪಿಂಡ ಸೋತಾಗ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ತೀರಾ ಇಳಿಯಬಹುದು. ಮಂಪರು, ಉಸಿರಾಟದ ತೊಂದರೆ, ಮೂತ್ರ ತೀರಾ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ ಹಾಸನಕ್ಕೆ ಹೊರಡಿ. ತಜ್ಞರ ಬಳಿ ಹೋಗುವಾಗ ಬೆಳಗಿನ ಮೊದಲ ಮೂತ್ರವನ್ನು ಶುದ್ಧ ಡಬ್ಬಿಯಲ್ಲಿ ಹಿಡಿದುಕೊಳ್ಳಿ, ಅತ್ತೆಯವರು ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ, ಮಂಡಿ ನೋವಿಗೆಂದು ಅಂಗಡಿಯಿಂದ ತಂದದ್ದನ್ನೂ ಸೇರಿಸಿ.