ಅಪ್‌ಡೇಟ್: ವರ್ಟಿಕಲ್ ಹೆಡ್ ಕೊನೆಗೂ ನೇರವಾಗಿ ಕೂತಿತು

ನನ್ನ ಹಳೆಯ ಎಚ್‌ಎಂಟಿ ಹಾರಿಜಾಂಟಲ್ ಮಿಲ್ಲಿಂಗ್ ಮಷೀನಿಗೆ (ಅಡ್ಡ ಸ್ಪಿಂಡಲ್‌ನಲ್ಲಿ ಕಟರ್ ತಿರುಗಿಸಿ ಲೋಹ ಕೆತ್ತುವ ಯಂತ್ರ) ಸೆಕೆಂಡ್‌ಹ್ಯಾಂಡ್ ವರ್ಟಿಕಲ್ ಹೆಡ್ (ಕಟರನ್ನು ನೆಟ್ಟಗೆ ಹಿಡಿದು ತಿರುಗಿಸುವ ಜೋಡಣೆ) ಹಾಕಿದ ಮೇಲೆ, ಮೇಲ್ಮೈ ಸಪಾಟು ಮಾಡುವ ಫೇಸ್ ಕಟರ್ ಪ್ರತಿ ಪಾಸಿನಲ್ಲೂ ಮೆಟ್ಟಿಲು ಬಿಡುತ್ತಿದೆ, ಕಾರಣವೇನು ಎಂದು ಹಿಂದೆ ಕೇಳಿದ್ದೆ. ಹೆಡ್ ಸ್ವಲ್ಪ ವಾಲಿರಬಹುದು, ಅದರ ಡಿಗ್ರಿ ಸ್ಕೇಲನ್ನು ನಂಬದೆ ಡಯಲ್ ಇಂಡಿಕೇಟರ್ (ಸಣ್ಣ ಏರಿಳಿತ ಅಳೆಯುವ ಮಾಪಕ) ಸುತ್ತಿಸಿ ನೋಡಿ ಎಂಬ ಸಲಹೆ ಬಂದಿತ್ತು.

ಅದರಂತೆ ಟೇಬಲನ್ನು ಮೇಲೆ-ಕೆಳಗೆ ಸರಿಸುವ ನೀ (knee) ಮತ್ತು ಹಿಂದೆ-ಮುಂದೆ ಸರಿಸುವ ಸ್ಯಾಡಲ್‌ಗಳನ್ನು ಲಾಕ್ ಮಾಡಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಸ್ಪಿಂಡಲ್‌ಗೆ ಕಟ್ಟಿದ ಇಂಡಿಕೇಟರನ್ನು ಟೇಬಲ್ ಮೇಲೆ 200 ಮಿ.ಮೀ. ವ್ಯಾಸದಲ್ಲಿ ಕೈಯಿಂದ ತಿರುಗಿಸಿದಾಗ, ಎಡಕ್ಕೂ ಬಲಕ್ಕೂ 0.15 ಮಿ.ಮೀ. ವ್ಯತ್ಯಾಸ ಕಂಡಿತು, ಬೋಲ್ಟ್‌ಗಳನ್ನು ಅರೆಬಿಗಿ ಮಾಡಿ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅದನ್ನು 0.02ಕ್ಕೆ ಇಳಿಸಿದೆ. ಬಿಗಿ ಮಾಡುವಾಗ ಹೆಡ್ ಮತ್ತೆ ಸರಿಯುವುದರಿಂದ ಈ ಕೆಲಸಕ್ಕೇ ಅರ್ಧ ದಿನ ಹೋಯಿತು.

ಆದರೆ ಮುಂದಕ್ಕೂ ಹಿಂದಕ್ಕೂ 0.10 ಮಿ.ಮೀ. ಉಳಿದೇ ಇತ್ತು. ಹೆಡ್ಡನ್ನು ಆ ದಿಕ್ಕಿನಲ್ಲಿ ವಾಲಿಸಲು ಬರುವುದೇ ಇಲ್ಲವಾದ್ದರಿಂದ ಶಿಮ್ (ತೆಳು ತಗಡಿನ ತುಂಡು) ಹಾಕುವ ಯೋಚನೆ ಬಂದರೂ, ಮೊದಲು ಹೆಡ್ಡನ್ನು ಇಳಿಸಿ, ಅದು ಕೂರುವ ಕಾಲಮ್ಮಿನ ಮುಖಕ್ಕೆ, ಎಲ್ಲಿ ತಾಗುತ್ತದೆ ಎಂದು ತಿಳಿಯಲು ನೀಲಿ ಬಣ್ಣ ಸವರಿ ನೋಡಿದೆ. ಕೆಳಗಿನ ಬೋಲ್ಟ್ ತೂತಿನ ಅಂಚಿನಲ್ಲಿ ಉಗುರಿಗೆ ತಡೆಯುವಷ್ಟು ಬರ್ (ಲೋಹದ ಉಬ್ಬು) ಎದ್ದಿತ್ತು. ಹೆಡ್ಡಿಗೆ ಬಣ್ಣ ಹತ್ತಿದ್ದು ಅಲ್ಲಿ ಮಾತ್ರ! ಎಣ್ಣೆಕಲ್ಲಿನಿಂದ ಅದನ್ನು ಸವೆಸಿ, ಒರೆಸಿ, ಹೆಡ್ಡನ್ನು ಮತ್ತೆ ಕೂರಿಸಿದ ಬಳಿಕ ವ್ಯತ್ಯಾಸ 0.02ಕ್ಕಿಂತ ಕಡಿಮೆಯಾಗಿದೆ. ಶಿಮ್ ಹಾಕಿದ್ದರೆ ಬರ್ ಅಡಿಯಲ್ಲೇ ಉಳಿಯುತ್ತಿತ್ತು.

ಈ ಹೆಡ್ಡಿನಲ್ಲಿ ಸ್ಪಿಂಡಲ್ ಉಲ್ಟಾ ತಿರುಗುತ್ತದೆ. ಹಾಗಾಗಿ ಮೋಟಾರಿನ ರಿವರ್ಸ್ ಸ್ವಿಚ್ಚಿನ ಪಕ್ಕ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದೇನೆ.