ಮೊದಲ ಸಲ ಹೋಮಿಯೋಪಥಿ ವೈದ್ಯರ ಬಳಿ ಹೋಗುತ್ತಿದ್ದೇನೆ: ಏನು ತಿಳಿದಿರಬೇಕು?

ಅಂಗೈತುರಿಕೆ (ಪ್ರಶ್ನೆ)

ಎರಡೂ ಅಂಗೈಗಳಲ್ಲಿ ಇಸಬು. ಚರ್ಮ ಒಣಗಿ ಬಿರುಕು ಬಿಟ್ಟು ಕೆಲವೊಮ್ಮೆ ರಕ್ತ ಜಿನುಗುತ್ತದೆ. ಚರ್ಮರೋಗ ತಜ್ಞರು ಕೊಟ್ಟ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಮನೆಯವರ ಒತ್ತಾಯಕ್ಕೆ ಮಣಿದು ಮುಂದಿನ ವಾರ ಹೋಮಿಯೋಪಥಿ ವೈದ್ಯರನ್ನು ಕಾಣಲಿದ್ದೇನೆ. ಮೊದಲ ಭೇಟಿಗೆ ಒಂದು ಗಂಟೆಯಾದರೂ ಬೇಕು ಎಂದಿದ್ದಾರೆ. ಅಂಗೈ ತೋರಿಸಲು ಅಷ್ಟು ಹೊತ್ತೇಕೆ? ಪರಿಚಯದ ಇಬ್ಬರಿಗೆ ಇದೇ ಇಸಬಿಗೆ ಬೇರೆ ಬೇರೆ ಔಷಧ ಕೊಟ್ಟಿದ್ದಾರಂತೆ, ಅದು ಹೇಗೆ? ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತಿದ್ದೇನೆ. ಈ ಪದ್ಧತಿಯನ್ನು ಹೊಗಳುವವರೂ ಬೈಯುವವರೂ ಬೇಕಾದಷ್ಟು ಸಿಕ್ಕರು. ಅದರ ತತ್ವವೇನು ಎಂದು ಬಿಡಿಸಿ ಹೇಳುವವರು ಸಿಗಲಿಲ್ಲ.

ಹಳೆಯ ಕಾಂಪೌಂಡರ್

ನಾನು ವೈದ್ಯನಲ್ಲ. ಹೋಮಿಯೋಪಥಿ ಔಷಧಾಲಯವೊಂದರಲ್ಲಿ ಗುಳಿಗೆಗೆ ಹನಿ ಹಾಕಿ, ಚೀಟಿ ಅಂಟಿಸಿ ಕೊಡುತ್ತಿದ್ದವನು. ಶೀಶೆಯೊಳಗೆ ಏನು ಹೋಗುತ್ತದೆ ಎಂಬುದು ನನ್ನ ಕೈಗೆ ಗೊತ್ತಿದೆ.

ಈ ಪದ್ಧತಿಯ ಮೂಲಪುರುಷ ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ (1755–1843). ಆಗಿನ ವೈದ್ಯವೆಂದರೆ ರಕ್ತ ಹರಿಸುವುದು, ಪಾದರಸ ಕೊಡುವುದು, ಭೇದಿ ಮಾಡಿಸುವುದು. ಅದರಿಂದ ಬೇಸತ್ತ ಹಾನಿಮನ್ ಅನುವಾದ ಮಾಡಿ ಸಂಸಾರ ತೂಗಿಸುತ್ತಿದ್ದ. 1790ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್‌ನ ಗ್ರಂಥವನ್ನು ಅನುವಾದಿಸುವಾಗ, ಸಿಂಕೋನಾ ತೊಗಟೆ ಮಲೇರಿಯಾವನ್ನು ಏಕೆ ಗುಣಪಡಿಸುತ್ತದೆ ಎಂಬ ಅಲ್ಲಿನ ವಿವರಣೆ ಅವನಿಗೆ ಒಪ್ಪಿಗೆಯಾಗಲಿಲ್ಲ. ತೊಗಟೆಯನ್ನು ತಾನೇ ತಿಂದು ನೋಡಿದ. ಬೆರಳ ತುದಿ ತಣ್ಣಗಾಯಿತು, ಎದೆಬಡಿತ ಏರಿತು, ನಡುಕ ಬಂತು. ಮಲೇರಿಯಾ ಬಂದವರಂತೆಯೇ! ಆರೋಗ್ಯವಂತನಲ್ಲಿ ಯಾವ ಲಕ್ಷಣಗಳನ್ನು ಹುಟ್ಟಿಸುತ್ತದೋ ಅಂಥವೇ ಲಕ್ಷಣಗಳಿರುವ ರೋಗಿಯನ್ನು ಅದೇ ವಸ್ತು ಗುಣಪಡಿಸುತ್ತದೆ ಎಂಬ ತತ್ವವನ್ನು ಅಲ್ಲಿಂದ ಬೆಳೆಸಿ 1796ರಲ್ಲಿ ಲೇಖನವಾಗಿ, 1810ರಲ್ಲಿ 'ಆರ್ಗನಾನ್' ಎಂಬ ಗ್ರಂಥವಾಗಿ ಪ್ರಕಟಿಸಿದ. ಈರುಳ್ಳಿ ಹೆಚ್ಚಿದರೆ ಕಣ್ಣು ಮೂಗು ಸುರಿಯುತ್ತವಲ್ಲ, ಆದ್ದರಿಂದ ನೀರಿನಂತೆ ಮೂಗು ಸೋರುವ ಶೀತಕ್ಕೆ ಈರುಳ್ಳಿಯಿಂದ ಮಾಡಿದ ಆಲಿಯಂ ಸೀಪಾ. ತರ್ಕ ಇಷ್ಟೇ. ಮೂಲ ಪ್ರಯೋಗವೇ ಗಟ್ಟಿಯಲ್ಲ ಎನ್ನಿ. ತೊಗಟೆ ತಿಂದವರಿಗೆಲ್ಲ ಮಲೇರಿಯಾದ ಲಕ್ಷಣ ಬರುವುದಿಲ್ಲ, ಮಲೇರಿಯಾ ವಾಸಿಯಾಗುವುದೂ ತೊಗಟೆಯಲ್ಲಿರುವ ಕ್ವಿನೈನ್ ರಕ್ತದೊಳಗಿನ ಪರೋಪಜೀವಿಯನ್ನು ಕೊಲ್ಲುವುದರಿಂದ.

ಒಂದು ಗಂಟೆ ಏಕೆಂದರೆ, ಅವರು ಔಷಧ ಹುಡುಕುವುದು ಇಸಬಿಗಲ್ಲ, ನಿಮಗೆ. ತುರಿಕೆ ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಬಿಸಿನೀರು ಹಿತವೋ ತಣ್ಣೀರೋ, ಬಾಯಾರಿಕೆ ಹೇಗೆ, ಯಾವ ಕನಸು ಬೀಳುತ್ತದೆ, ಸಿಟ್ಟು ಬಂದರೆ ಕೂಗುತ್ತೀರೋ ನುಂಗಿಕೊಳ್ಳುತ್ತೀರೋ, ಎಲ್ಲವನ್ನೂ ಕೇಳುತ್ತಾರೆ. ಉತ್ತರಗಳನ್ನು 'ರೆಪರ್ಟರಿ' ಎಂಬ ಲಕ್ಷಣಕೋಶದಲ್ಲಿ ಹುಡುಕಿ, ಯಾವ ಔಷಧ ಯಾವ ಲಕ್ಷಣ ಹುಟ್ಟಿಸುತ್ತದೆ ಎಂದು ವಿವರಿಸುವ 'ಮೆಟೀರಿಯಾ ಮೆಡಿಕಾ' ಗ್ರಂಥದಲ್ಲಿರುವ ಔಷಧಚಿತ್ರದ ಜೊತೆ ಹೊಂದಿಸುತ್ತಾರೆ. ನಿಮ್ಮ ಪರಿಚಯದವರಲ್ಲಿ ಒಬ್ಬರಿಗೆ ಗ್ರಾಫೈಟಿಸ್, ಇನ್ನೊಬ್ಬರಿಗೆ ಸಲ್ಫರ್ ಬಂದಿದ್ದರೆ ಆಶ್ಚರ್ಯವಿಲ್ಲ.

ಈಗ ನನ್ನ ಮೇಜಿನ ಕೆಲಸ. ಗಿಡಮೂಲಿಕೆಯನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ದ್ರವ ಮದರ್ ಟಿಂಕ್ಚರ್. ಅದರ ಒಂದು ಹನಿಗೆ 99 ಹನಿ ಮದ್ಯಸಾರ ಬೆರೆಸಿ, ಶೀಶೆಯನ್ನು ಜೋರಾಗಿ ಕುಟ್ಟಿ ಕುಲುಕಿದರೆ 1ಸಿ. ಹಾನಿಮನ್ ಕುಟ್ಟುವುದಕ್ಕೆ ಚರ್ಮದ ಹೊದಿಕೆಯ ಪುಸ್ತಕವಾದೀತು ಎಂದಿದ್ದಾನೆ. 1ಸಿಯ ಒಂದು ಹನಿಗೆ ಮತ್ತೆ 99 ಹನಿ ಸೇರಿಸಿ ಕುಲುಕಿದರೆ 2ಸಿ. ಹೀಗೆ ಮೂವತ್ತು ಸಲ ಮಾಡಿದರೆ 30ಸಿ. ಕರಗದ ವಸ್ತುವಾದರೆ ಮೊದಲು ಹಾಲಿನ ಸಕ್ಕರೆಯ ಜೊತೆ ಕಲ್ಲಿನಲ್ಲಿ ಅರೆಯಬೇಕು. ಮೂಲವಸ್ತು ಕಡಿಮೆಯಾದಂತೆ ಕುಲುಕಾಟದಿಂದ ಅದರ ಶಕ್ತಿ ಹೆಚ್ಚುತ್ತದೆ ಎಂಬುದು ಎರಡನೆಯ ತತ್ವ. ಇದನ್ನೇ ಪೊಟೆನ್ಸಿ ಎನ್ನುತ್ತಾರೆ.

ಆದರೆ ಲೆಕ್ಕ ಬೇರೆ ಕಥೆ ಹೇಳುತ್ತದೆ. 30ಸಿ ಎಂದರೆ 1ರ ಮುಂದೆ 60 ಸೊನ್ನೆಗಳಷ್ಟು ತೆಳು ಮಾಡಿದ್ದು. 12ಸಿ ದಾಟುವಷ್ಟರಲ್ಲೇ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಹೆಚ್ಚುಕಡಿಮೆ ಮುಗಿಯುತ್ತದೆ. ಕೊನೆಗೆ ಆ ದ್ರವದ ಕೆಲವು ಹನಿಗಳನ್ನು ಖಾಲಿ ಸಕ್ಕರೆ ಗುಳಿಗೆಗಳ ಮೇಲೆ ಬಿಟ್ಟು ಶೀಶೆಯನ್ನು ಉರುಳಿಸುತ್ತೇವೆ, ಮದ್ಯಸಾರ ಆರಿಹೋಗುತ್ತದೆ. ಬೆಲಡೋನಾ 30 ಮತ್ತು ನಕ್ಸ್ ವಾಮಿಕಾ 30 ಎರಡನ್ನೂ ಅಂಗೈಯಲ್ಲಿ ಸುರಿದುಕೊಂಡು ನೋಡಿ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ವ್ಯತ್ಯಾಸವಿಲ್ಲ. ಚೀಟಿ ಕಿತ್ತುಹೋದ ಶೀಶೆಯಲ್ಲಿ ಏನಿದೆ ಎಂದು ಹೇಳಲು ನಮಗೆ ದಾರಿಯೇ ಇರಲಿಲ್ಲ. ಎಸೆಯುತ್ತಿದ್ದೆವು.

ಹಾಗೆಂದು ಚೀಟಿ ಓದದೆ ನುಂಗಬೇಡಿ. ಮದರ್ ಟಿಂಕ್ಚರ್, 1ಎಕ್ಸ್, 2ಎಕ್ಸ್, 3ಎಕ್ಸ್ ಎಂದಿದ್ದರೆ ಅದರಲ್ಲಿ ಮೂಲವಸ್ತು ನಿಜಕ್ಕೂ ಇದೆ. ಎಕ್ಸ್ ಎಂದರೆ ಹತ್ತರ ಲೆಕ್ಕ, ಸಿ ಎಂದರೆ ನೂರರ ಲೆಕ್ಕ. ಆರ್ಸೆನಿಕ್, ಪಾದರಸ, ಬೆಲಡೋನಾಗಳ ಕೆಳಗಿನ ಪೊಟೆನ್ಸಿ ವಿಷವಾಗಬಲ್ಲದು. ಶಿಶುಗಳ ಹಲ್ಲು ಮೂಡುವ ಕಾಲಕ್ಕೆಂದು ಮಾರುತ್ತಿದ್ದ ಹೋಮಿಯೋಪಥಿ ಗುಳಿಗೆಗಳಲ್ಲಿ ಬೆಲಡೋನಾ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿದೆ ಎಂದು ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಗುಳಿಗೆ ಬಿಳಿಯಾಗಿದ್ದ ಮಾತ್ರಕ್ಕೆ ನಿರಪಾಯ ಎನ್ನಲಾಗದು.

ಅರೆತಲೆನೋವು

ಅಣ್ಣ ಹೇಳಿದ ಲೆಕ್ಕ ನನಗೆ ತಿಳಿಯುವುದಿಲ್ಲ. ನನ್ನ ತಲೆನೋವಿನ ಬಗ್ಗೆ ಹೋಮಿಯೋಪಥಿ ವೈದ್ಯರು ಕೇಳಿದಷ್ಟು ಹೊತ್ತು ಯಾರೂ ನನ್ನ ಮಾತು ಕೇಳಿರಲಿಲ್ಲ. ಯಾವಾಗ ಶುರುವಾಗುತ್ತದೆ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಡಲು ಹೇಳಿದರು. ಬರೆಯುತ್ತಾ ಹೋದಾಗ ನಿದ್ದೆಗೆಟ್ಟ ಮರುದಿನವೇ ಬರುತ್ತದೆ ಎಂದು ಗೊತ್ತಾಯಿತು. ಈಗ ನೋವು ಕಡಿಮೆ. ಗುಳಿಗೆಯಿಂದಲೋ ನಿದ್ದೆಯಿಂದಲೋ ನಾನಂತೂ ವಾದಿಸಲಾರೆ.

ಹೋಮಿಯೋ ವೈದ್ಯೆ

ಕಾಂಪೌಂಡರ್ ಅವರು ತಯಾರಿಕೆಯನ್ನು ಸರಿಯಾಗಿಯೇ ವಿವರಿಸಿದ್ದಾರೆ. ಒಂದೆರಡು ಮಾತು ಸೇರಿಸುತ್ತೇನೆ. ಒಂದು ಸಲಕ್ಕೆ ಒಂದೇ ಔಷಧ, ಸಾಧ್ಯವಾದಷ್ಟು ಕಡಿಮೆ ಪ್ರಮಾಣ, ಅದರ ಪರಿಣಾಮ ನೋಡಿದ ಮೇಲೆಯೇ ಮುಂದಿನದು. ಹಾನಿಮನ್ ಹೇಳಿದ್ದು ಇದನ್ನೇ. ಮೊದಲ ದಿನವೇ ಐದಾರು ಶೀಶೆ ಕೊಟ್ಟರೆ ಕಾರಣ ಕೇಳಿ. ಕಾಫಿ, ಕರ್ಪೂರ, ಪುದೀನ ಬಿಡಿ ಎನ್ನಬಹುದು. ಅದು ಹಾನಿಮನ್ ಕಾಲದಿಂದ ಬಂದ ಪಥ್ಯ, ನಾನು ಅಷ್ಟು ಬಿಗಿ ಮಾಡುವುದಿಲ್ಲ. ಥೈರಾಯ್ಡ್, ಮಧುಮೇಹ, ರಕ್ತದೊತ್ತಡ, ಮೂರ್ಛೆರೋಗದ ಮಾತ್ರೆಗಳನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಸಕ್ಕರೆ ಗುಳಿಗೆ ಎಂದು ನಗುವವರು 1854ರ ಲಂಡನ್ನಿನ ಕಾಲರಾ ನೆನಪಿಸಿಕೊಳ್ಳಲಿ. ಅಲ್ಲಿನ ಹೋಮಿಯೋಪಥಿ ಆಸ್ಪತ್ರೆಯಲ್ಲಿ ಸತ್ತವರ ಪ್ರಮಾಣ ಬೇರೆ ಆಸ್ಪತ್ರೆಗಳಿಗಿಂತ ಬಹಳ ಕಡಿಮೆಯಿತ್ತು.

ಪುರಾವೆ ಎಲ್ಲಿ

1854 ಬಿಡಿ, ಈಚಿನದು ನೋಡೋಣ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಇದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇರುವ ಒಂದು ಕಾಯಿಲೆಯೂ ಇಲ್ಲ ಎಂದು 2015ರಲ್ಲಿ ತೀರ್ಮಾನಿಸಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡಬೇಡಿ ಎಂದು ವೈದ್ಯರಿಗೆ ಸೂಚಿಸಿತು. ಫ್ರಾನ್ಸ್ 2021ರಿಂದ ಇದರ ಖರ್ಚು ಮರುಪಾವತಿಸುವುದನ್ನು ನಿಲ್ಲಿಸಿತು. ಹೋಗುವ ಮುನ್ನ ಇದೂ ಗೊತ್ತಿರಲಿ.

ಹಳೆಯ ಕಾಂಪೌಂಡರ್

ವೈದ್ಯೆಯವರೇ, 1854ರ ಅಂಕಿ ಸುಳ್ಳಲ್ಲ. ಆದರೆ ಆಗ ಬೇರೆ ಕಡೆ ಕಾಲರಾ ರೋಗಿಗೆ ಏನು ಮಾಡುತ್ತಿದ್ದರು? ಮೈಯ ನೀರೆಲ್ಲ ಹರಿದುಹೋಗುತ್ತಿರುವವನ ರಕ್ತ ತೆಗೆಯುತ್ತಿದ್ದರು, ಪಾದರಸದ ಲವಣ ಕೊಟ್ಟು ಇನ್ನಷ್ಟು ಭೇದಿ ಮಾಡಿಸುತ್ತಿದ್ದರು. ನಿಮ್ಮ ಆಸ್ಪತ್ರೆಯಲ್ಲಿ ಹಾಸಿಗೆ, ಆರೈಕೆ ಮತ್ತು ಏನೂ ಇಲ್ಲದ ಗುಳಿಗೆ. ಕೊಲ್ಲುವ ಚಿಕಿತ್ಸೆಗಿಂತ ಸುಮ್ಮನಿರುವುದು ಮೇಲು ಎಂಬುದನ್ನು ಹಾನಿಮನ್ ತೋರಿಸಿಕೊಟ್ಟ, ಅದಕ್ಕೆ ಕೈಮುಗಿಯುತ್ತೇನೆ. ಇವತ್ತು ಕಾಲರಾಕ್ಕೆ ಉಪ್ಪು–ಸಕ್ಕರೆಯ ನೀರಿದೆ, ಸಲೈನ್ ಇದೆ. ಹೋಲಿಸುವುದಾದರೆ ಅವುಗಳ ಜೊತೆ ಹೋಲಿಸಿ.

ಅಂಗೈತುರಿಕೆ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಗತಿ. ಕ್ಲಿನಿಕ್‌ಗೆ ಫೋನ್ ಮಾಡಿದಾಗ ಅಲ್ಲಿನವರು "ಮುಲಾಮು ಇವತ್ತಿನಿಂದಲೇ ನಿಲ್ಲಿಸಿ, ಮೊದಲು ಸ್ವಲ್ಪ ಉಲ್ಬಣಿಸಿದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ" ಎಂದರು. ಹೌದೇ?

ಹಳೆಯ ಕಾಂಪೌಂಡರ್

ಹಾಗೆನ್ನುವುದಕ್ಕೆ ಅವರ ಶಾಸ್ತ್ರದಲ್ಲಿ ಎರಡು ಆಧಾರಗಳಿವೆ. ಸರಿಯಾದ ಔಷಧ ಬಿದ್ದರೆ ಲಕ್ಷಣಗಳು ಮೊದಲು ಕೊಂಚ ಏರುತ್ತವೆ ಎಂಬುದು ಒಂದು. ಇನ್ನೊಂದು ಹಾನಿಮನ್‌ನ ಅನುಯಾಯಿ ಕಾನ್‌ಸ್ಟಂಟೈನ್ ಹೆರಿಂಗ್ ಹೆಸರಿನಲ್ಲಿರುವ ನಿಯಮ: ರೋಗ ವಾಸಿಯಾಗುವಾಗ ಒಳಗಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ ಸರಿಯುತ್ತದೆ, ಬಂದ ಕ್ರಮಕ್ಕೆ ಉಲ್ಟಾ ಹೋಗುತ್ತದೆ. ಹೀಗಾಗಿ ಚರ್ಮದ ಮೇಲೆ ಎದ್ದದ್ದು ಒಳಗಿನ ರೋಗ ಹೊರಬೀಳುವ ದಾರಿ, ಮುಲಾಮು ಅದನ್ನು ಒಳಕ್ಕೆ ತಳ್ಳುತ್ತದೆ ಎಂದು ಅವರು ನಂಬುತ್ತಾರೆ. ಮುಲಾಮು ಕಂಡರೆ ಮುಖ ಸಿಂಡರಿಸುವುದು ಅದಕ್ಕೇ.

ನನಗೆ ಈ ಶಾಸ್ತ್ರದಲ್ಲಿ ಅತ್ಯಂತ ಕಿರಿಕಿರಿಯ ಭಾಗ ಇದೇ. ತುರಿಕೆ ಇಳಿದರೆ ಔಷಧ ಹಿಡಿಯಿತು, ಏರಿದರೂ ಔಷಧ ಹಿಡಿಯಿತು! ಬಹುಕಾಲ ಹಚ್ಚಿದ ಸ್ಟೀರಾಯ್ಡ್ ಮುಲಾಮನ್ನು ಥಟ್ಟನೆ ಬಿಟ್ಟರೆ ಚರ್ಮ ಕೆರಳುವುದುಂಟು, ಅದಕ್ಕೆ ಯಾವ ಗುಳಿಗೆಯೂ ಬೇಕಿಲ್ಲ. ಇಸಬಂತೂ ತಾನಾಗಿ ಏರಿ ಇಳಿಯುವ ಕಾಯಿಲೆ. ಜನ ವೈದ್ಯರ ಬಳಿ ಓಡುವುದು ಏರಿದಾಗ, ಇಳಿದಾಗ ಕೀರ್ತಿ ಕೊನೆಗೆ ನುಂಗಿದ ಗುಳಿಗೆಗೆ ಹೋಗುತ್ತದೆ. ಮುಲಾಮನ್ನು ಬಿಡುವುದಿದ್ದರೆ ಕೊಟ್ಟ ಚರ್ಮರೋಗ ತಜ್ಞರನ್ನೇ ಕೇಳಿ ಹಂತಹಂತವಾಗಿ ಬಿಡಿ. ಕೀವು, ಜ್ವರ, ಹಬ್ಬುವ ಕೆಂಪು ಕಂಡರೆ ಅದು ಸೋಂಕು, ಒಳ್ಳೆಯ ಲಕ್ಷಣವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಭೇಟಿಯ ದಿನ ಈಗ ನುಂಗುವ, ಹಚ್ಚುವ ಎಲ್ಲವನ್ನೂ ಬರೆದು ತೆಗೆದುಕೊಂಡು ಹೋಗಿ. ಔಷಧದ ಹೆಸರು, ಪೊಟೆನ್ಸಿ ಎರಡನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಹೆಸರು ಹೇಳಲು ಒಪ್ಪದವರ ಬಳಿ ಔಷಧ ತೆಗೆದುಕೊಳ್ಳಬೇಡಿ. ಎಷ್ಟು ವಾರ ನೋಡೋಣ, ಏನು ಕಂಡರೆ ನಿಲ್ಲಿಸೋಣ ಎಂದು ಮೊದಲೇ ಕೇಳಿ, ಉತ್ತರವನ್ನು ಅವರ ಮುಂದೆಯೇ ಬರೆದುಕೊಳ್ಳಿ. ಅಂಗೈಗಳ ಚಿತ್ರವನ್ನು ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ತೆಗೆದಿಡಿ.

ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ ವೈದ್ಯೆಯವರ ಮಾತೇ ನನ್ನದು. ಒಂದು ಕಾರಣ ಸೇರಿಸುತ್ತೇನೆ. ಆ ಹಾರ್ಮೋನು ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಬಿಟ್ಟ ಮೊದಲ ದಿನಗಳಲ್ಲಿ ಏನೂ ಆಗಲಿಲ್ಲವಲ್ಲ ಎನ್ನಿಸುತ್ತದೆ, ಸುಸ್ತು, ಊತ, ಮಂಕು ಬರುವುದು ಆಮೇಲೆ. ಯಾರು ಎಷ್ಟು ಒತ್ತಾಯಿಸಿದರೂ ಅದನ್ನು ಬಿಡಬೇಡಿ.